ಉಪ್ಪು ಬಂತಾ?

ಮದುವೆಯಾಗಿ 35 ವರ್ಷ ತುಂಬಿತೆಂದು ಬೆಂಗಳೂರಿನ ಮಗ ಫೋನ್ ಮಾಡಿದ್ದ. "ಆಯಿ, ಅಪ್ಪಯ್ಯಂಗೆ ಹೇಳು, ಆಲಪ್ಪುಳದಲ್ಲಿ ಹೌಸ್‌ಬೋಟ್ ಬುಕ್ ಮಾಡ್ತಿ. ಎರಡು ದಿನ ಆರಾಮಾಗಿ ಹೋಗಿ ಬನ್ನಿ." ನಮ್ಮನೆಯವರು ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ಬಾಯಲ್ಲಿ ಕವಳ ಇದ್ದಾಗ ಅವರು ಮಾತಾಡುವವರಲ್ಲ. ಅವತ್ತು ಮಾತ್ರ ಎದ್ದು ಹೋಗಿ ಉಗಿದು ಬಂದು ಹೇಳಿದರು: "ನೀರು ನೋಡಲೆ ಕೇರಳಕ್ಕೆ ಎಂತಕ್ಕೆ ಹೋಗವು? ನಮ್ಮನೆ ಹೊಳೆ ಇಲ್ಯ?"

ಅದು ತಪ್ಪಿಸಿಕೊಳ್ಳುವ ಮಾತು. ಈಜು ಬಾರದ ಮನುಷ್ಯ. ಹೊನ್ನಾವರದ ಶರಾವತಿ ಸೇತುವೆ ಬಂದರೆ ಬಸ್ಸಿನಲ್ಲಿ ಕಿಟಕಿ ಬಿಟ್ಟು ಕಾಲಿನ ಚಪ್ಪಲಿ ನೋಡುತ್ತ ಕೂರುವ ಜೀವ. ಆದರೆ ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು, ಬಾಯಿತಪ್ಪಿ ಬಂದ ಮಾತು ಹಿಡಿದು ನಿಲ್ಲಿಸುವುದು ಗೊತ್ತು. "ಸೈ ಹಂಗಾರೆ, ನಮ್ಮನೆ ಹೊಳೆಗೇ ಹೋಪನ" ಅಂದೆ. ಅಡಿಕೆ ಕೊನೆ ಕೊಯ್ಲು ಶುರುವಾಗ್ತು ಅಂದರು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ದೀಪಾವಳಿ ಮುಗಿದು ಹದಿನೈದು ದಿನದ ಮೇಲೆ ಬರುವುದೆಂದು ನಾನೇ ಫೋನ್ ಮಾಡಿ ಕೇಳಿ ಇಟ್ಟಿದ್ದೆ. ಕಡೆಗೆ "ಅಡ್ಡಿಲ್ಲೆ" ಅಂದರು. ಆ ಅಡ್ಡಿಲ್ಲೆಯಲ್ಲಿ ಎಷ್ಟು ಅಡ್ಡಿ ಇತ್ತು ಅನ್ನುವುದು ನನಗೆ ಗೊತ್ತು.

ನಮ್ಮನೆ ಹೊಳೆ ಅಂದರೆ ಅಘನಾಶಿನಿ. ನಮ್ಮ ತೋಟದ ಕೆಳಗಿನ ಹಳ್ಳ ಹೋಗಿ ಅದಕ್ಕೇ ಸೇರುತ್ತದೆ. ಒಂದು ಕವಲು ಹುಟ್ಟುವುದು ಶಿರಸಿ ಪೇಟೆಯ ಶಂಕರ ಹೊಂಡದ ಹತ್ತಿರ, ಇನ್ನೊಂದು ಮಂಜುಗುಣಿ ಕಡೆಯಿಂದ ಬರುತ್ತದೆ. ಶಿರಸಿಯ ಕವಲಿಗೆ ದೋಣಿಹಳ್ಳ ಅಂತ ಹೆಸರು. ಕಾಗದದ ದೋಣಿ ಬಿಟ್ಟರೆ ಬೇರೆ ದೋಣಿ ಅದರಲ್ಲಿ ಹೋಗಿದ್ದನ್ನು ನಾನಂತೂ ಕಂಡಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಸಿಂಗಳೀಕಗಳಿರುವ ಕಾಡಿನ ಸಂದಿಯಲ್ಲಿ ನುಸುಳಿ, ಕುಮಟಾ ತಾಲೂಕಿನಲ್ಲಿ ಅಗಲವಾಗಿ, ತದಡಿಯಲ್ಲಿ ಸಮುದ್ರ ಸೇರುತ್ತದೆ. ಮಕ್ಕಳಿಗೆ ಇದನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ, ಅಘನಾಶಿನಿಗೆ? "ಒಂದೂ ಇಲ್ಲಾ ಅಕ್ಕೋರೇ" ಅಂತ ಇಡೀ ತರಗತಿ ಕೂಗುತ್ತಿತ್ತು. ಅಷ್ಟು ವರ್ಷ ಪಾಠ ಮಾಡಿದವಳು ಅದರ ಮೇಲೆ ದೋಣಿಯಲ್ಲಿ ಹೋಗಿದ್ದು ಒಂದು ಸಲವೂ ಇಲ್ಲ.

ಕುಮಟಾದ ಹತ್ತಿರದ ಹೆಗಡೆ ಊರಿನಲ್ಲಿ ನನ್ನ ಅಕ್ಕನ ಮನೆ. (ಹೆಗಡೇರು ಹೆಗಡೆಗೆ ಹೋದರು ಎಂಬ ಹಾಸ್ಯ ಮದುವೆಯಾದಾಗಿನಿಂದ ಕೇಳಿ ಕೇಳಿ ಸವೆದಿದೆ.) ಅಕ್ಕ ಒಬ್ಬ ಅಂಬಿಗರನ್ನು ಗೊತ್ತು ಮಾಡಿದಳು. ಹುಣ್ಣಿಮೆ ದಿನ ಬೆಳಿಗ್ಗೆ ಭರತಿಯ ಜೊತೆ ದೋಣಿಯನ್ನು ಉಪ್ಪಿನಪಟ್ಟಣದ ಕಡೆ ತರುತ್ತಾರೆ, ಅಲ್ಲಿ ಹತ್ತಿಸಿಕೊಂಡು ಇಳಿತದ ಜೊತೆ ನಿಧಾನ ತದಡಿಗೆ ಮುಟ್ಟಿಸುತ್ತಾರೆ ಎಂದು ಮಾತಾಯಿತು. ಹಿಂದೆ ಸರಕಿನ ದೋಣಿಗಳು ಉಪ್ಪಿನಪಟ್ಟಣದವರೆಗೆ ಬರುತ್ತಿದ್ದವಂತೆ. ಅಲ್ಲಿಂದ ಮೇಲೆ ಗಾಡಿ, ಎತ್ತು, ಹೆಗಲು.

ದೇವಿಮನೆ ಘಟ್ಟದ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. ರಸ್ತೆ ಅಗಲ ಮಾಡುವ ಕೆಲಸದ ಧೂಳು ಕುಡಿದು ಕೆಳಗಿಳಿದೆವು ಅಂದರೆ ಸಾಕು. ಕತಗಾಲದ ಹತ್ತಿರ ಚಂಡಿಕಾ ಹೊಳೆಗೆ ಇಳಿದು ಮುಖ ತೊಳೆಯುವಾಗ ನಮ್ಮನೆಯವರು ಒಂದು ಬೊಗಸೆ ಬಾಯಿಗೆ ಹಾಕಿ, "ನಮ್ಮನೆ ಹಳ್ಳದ ಹಂಗೇ ಇದ್ದು" ಅಂದರು. ಆಮೇಲೆ ಏನನ್ನಿಸಿತೋ, "ಉಪ್ಪು ಎಲ್ಲಿಂದ ಶುರುವಾಗ್ತನ?" ಎಂದು ತಮಗೇ ಕೇಳಿಕೊಂಡರು. ದಿನಪೂರ್ತಿಯ ಆಟ ಅಲ್ಲೇ ಶುರುವಾಯಿತು.

ದೋಣಿ ಫೈಬರಿನದು. ಹಿಂದೆ ಎಂಜಿನ್, ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ, ಮೇಲೆ ನೀಲಿ ತಾಡಪಾಲು. ಹೌಸ್‌ಬೋಟಿಗೆ ಬದಲು ಇದು. ಕುರ್ಚಿ ನಮಗೆಂದೇ ಅಂಗಳದಿಂದ ತಂದಿದ್ದಂತೆ, ಅದಕ್ಕೆ ಅರಿಶಿನದ ಕಲೆ ಇತ್ತು. ಮೀನಿನ ವಾಸನೆ ಬರದಿರಲಿ ಎಂದು ಅಂಬಿಗರು ದೋಣಿಯನ್ನು ಎರಡು ಸಲ ಸೋಪು ಹಾಕಿ ತೊಳೆದಿದ್ದರು. ಮೀನು ಮತ್ತು ಸೋಪು ಎರಡೂ ಸೇರಿ ಒಂದು ಮೂರನೆಯ ವಾಸನೆ ಹುಟ್ಟಿತ್ತು. ನಮ್ಮನೆಯವರು ಲೈಫ್ ಜಾಕೆಟ್ಟಿನ ಮೂರೂ ಪಟ್ಟಿ ಬಿಗಿದು, ಅದರ ಮೇಲೆ ಪಂಚೆಯನ್ನೂ ಬಿಗಿದು, ಕುರ್ಚಿಯ ಎರಡು ಕೈ ಹಿಡಿದು ಕೂತರು. "ಹೆದ್ರೂದ್ಯಾಕೆ ಹೆಗಡೇರೆ, ಇಲ್ಲಿ ನಿಂತ್ರೆ ಎದೆಮಟ್ಟ ನೀರು" ಅಂದರು ಅಂಬಿಗರು. "ಎದೆ ಯಾರದು ಅನ್ನೂದರ ಮೇಲೆ ಅದೆ" ಅಂತ ಇವರು. ಅವರದು ಗಿಡ್ಡ ದೇಹ.

ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಎರಡೂ ದಂಡೆಯಲ್ಲಿ ತೆಂಗು, ಅಡಿಕೆ, ನೀರಿಗೆ ಬಾಗಿದ ಹೊಂಗೆ. ಎಂಜಿನ್ ನಿಲ್ಲಿಸಿ ಗಣೆ ಹಾಕಿದಾಗ ಮಾತ್ರ ಹೊಳೆಯ ಸದ್ದು ಕೇಳುತ್ತಿತ್ತು, ಸದ್ದು ಅನ್ನುವುದಕ್ಕಿಂತ ದೋಣಿಯ ಹೊಟ್ಟೆಗೆ ನೀರು ತಟ್ಟುವ ಚಪ್ಪಾಳೆ. ಘಟ್ಟದ ಮೇಲೆ ನಮ್ಮ ಹೊಳೆಗೆ ಯಾವಾಗಲೂ ಗಡಿಬಿಡಿ. ಕಲ್ಲಿಗೆ ಹೊಡೆದು ಒದರುತ್ತ ಓಡುವುದೇ ಅದರ ಸ್ವಭಾವ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಊಟ ಮಾಡಿ ಅಡ್ಡಾದ ಹೆಂಗಸಿನ ಹಾಗೆ ಮೈಚೆಲ್ಲಿ ಮಲಗಿತ್ತು.

"ಉಪ್ಪು ಬಂತಾ?" ಅಂದೆ. ಇವರು ಒಂದು ಕೈ ಕುರ್ಚಿಯಲ್ಲೇ ಇಟ್ಟು ಇನ್ನೊಂದು ಕೈಯ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. "ಇನ್ನೂ ಇಲ್ಲೆ."

ದೀವಗಿಯ ಹತ್ತಿರ ರೈಲಿನ ಸೇತುವೆ, ಹೆದ್ದಾರಿಯ ಸೇತುವೆ ಎರಡರ ಕೆಳಗೂ ಹಾದೆವು. ಎಷ್ಟೋ ಸಲ ಈ ಸೇತುವೆಯ ಮೇಲೆ ಗೋಕರ್ಣಕ್ಕೆ ಹೋಗಿದ್ದೇವೆ. ಕೆಳಗಿನಿಂದ ಅದರ ಹೊಟ್ಟೆ ನೋಡಿದ್ದು ಇದೇ ಮೊದಲು; ಗೂಡು ಕಟ್ಟಿದ ಪಾರಿವಾಳಗಳು, ಕಂಬಕ್ಕೆ ಅಂಟಿದ ಚಿಪ್ಪು. ನಮ್ಮನೆಯವರು ಬೆರಳು ಅದ್ದಿ, ತಡೆದು, ಮತ್ತೆ ಅದ್ದಿದರು. "ಬಂತು. ಸಾರಿಗೆ ಹಾಕಿದಷ್ಟು ಬಂತು."

ಚಿಪ್ಪು ಇದ್ದಲ್ಲಿ ಉಪ್ಪು ಇದ್ದೇ ಇದೆ, ಬಾಯಿಗೆ ಹಾಕೂದೇನು ಬೇಡ ಎಂದು ಅಂಬಿಗರು ನಕ್ಕರು.

ಅಲ್ಲಿಂದ ಮುಂದೆ ಕಾಂಡ್ಲಾ ಕಾಡು, ಪುಸ್ತಕದಲ್ಲಿ ಮ್ಯಾಂಗ್ರೋವ್ ಅನ್ನುವುದು. ದೂರದಿಂದ ಒಂದೇ ಹಸಿರು ಗೋಡೆ. ಹತ್ತಿರ ಹೋದರೆ ಗೋಡೆಗೆ ನೂರು ಕಾಲು, ಎಲ್ಲವೂ ಕೆಸರಿನಲ್ಲಿ ಕಮಾನಾಗಿ ನಿಂತಿವೆ. ಕೊಂಬೆಯಿಂದ ನುಗ್ಗೆಕಾಯಿಯ ಹಾಗೆ ಉದ್ದುದ್ದ ಏನೋ ಜೋತಿತ್ತು. ಅದು ಕಾಯಲ್ಲ, ಮೊಳಕೆ. ಬೀಜ ಮರದ ಮೇಲೆಯೇ ಮೊಳೆತು, ಬೆಳೆದು, ಆಮೇಲೆ ಕಳಚಿ ಕೆಸರಿಗೆ ನೆಟ್ಟಗೆ ಬಿದ್ದು ನಿಲ್ಲುತ್ತದೆ. ಉಬ್ಬರದ ನೀರಿಗೆ ಬಿದ್ದರೆ ತೇಲಿ ಹೋಗಿ ಬೇರೆ ಕಡೆ ಊರುತ್ತದೆ. ಅಡಿಕೆ ಗೋಟು ಹುಗಿದು, ಮೊಳಕೆ ಬರಿಸಿ, ಪಾತಿ ಮಾಡಿ, ನೆರಳು ಕಟ್ಟಿ ಸಸಿ ಎಬ್ಬಿಸುವ ನಮ್ಮನೆಯವರಿಗೆ ಇದು ಬಹಳ ಹಿಡಿಸಿತು. "ಆಳಿನ ಖರ್ಚೇ ಇಲ್ಲೆ" ಅಂದರು. ಅಷ್ಟು ಹೊತ್ತಿಗೆ ಅವರ ಕೈ ಕುರ್ಚಿ ಬಿಟ್ಟಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಮತ್ತೆ ಹಿಡಿದುಕೊಳ್ಳುತ್ತಿದ್ದರು.

ಮಿರ್ಜಾನಿನ ಕೋಟೆ ನೋಡಲು ಇಳಿಯಲಿಲ್ಲ. ಅದು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. 1552ರಿಂದ 54 ವರ್ಷ ಆಳಿದವಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಹೊಳೆಗಳ ದಾರಿಯಲ್ಲೇ ಕಡಲಿಗೆ ಹೋಗಿದ್ದು. ನಮ್ಮ ತೋಟದಲ್ಲೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಅದು ಈಗ ಗೋಣಿಯಲ್ಲಿ ಸೊಸೈಟಿಗೆ ಹೋಗುತ್ತದೆ, ರಾಣಿಗಲ್ಲ.

ಊಟ ದೋಣಿಯಲ್ಲೇ. ಬಾಳೆಎಲೆ ಹಾಸಿ ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ, ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವು. ಬಾಟಲಿಯಲ್ಲಿ ಮುರುಗಲ ಹಣ್ಣಿನ ಪಾನಕ. ಅಂಬಿಗರು ಉಪ್ಪಿನಕಾಯಿ ಚೀಪಿ ಕಣ್ಣುಮುಚ್ಚಿ, "ಮಿಡಿ ನಿಮ್ದು, ಉಪ್ಪು ನಮ್ದು" ಅಂದರು. ನಿಜ, ನಮ್ಮ ಮನೆಯಲ್ಲಿ ಮಿಡಿ ಹಾಕುವುದು ಸಾಣಿಕಟ್ಟಾದ ಹರಳುಪ್ಪಿನಲ್ಲೇ. ನನ್ನ ಅತ್ತೆ ಬೇರೆ ಉಪ್ಪನ್ನು ಭರಣಿಯ ಹತ್ತಿರ ತರಗೊಡುತ್ತಿರಲಿಲ್ಲ, ಮಿಡಿ ಮೆತ್ತಗಾಗುತ್ತದೆ ಅನ್ನುತ್ತಿದ್ದರು. ಆ ಮಿಡಿಯ ಮರ ಇರುವುದು ಇದೇ ಹೊಳೆಯ ಮೇಲಿನ ದಂಡೆಯಲ್ಲಿ, ಉಪ್ಪು ಬರುವುದು ಇದೇ ಹೊಳೆಯ ಬಾಯಿಯಿಂದ. ನಮ್ಮನೆಯವರು ಕವಳದ ಸಂಚಿ ಬಿಚ್ಚಿದರು. ಎಲೆ ನಮ್ಮದು, ಅಡಿಕೆ ನಮ್ಮದು. ಸುಣ್ಣದ ಡಬ್ಬಿ ತೆಗೆದು ಬೆರಳಿಗೆ ಒತ್ತಿಕೊಂಡವರು ಅಲ್ಲೇ ನಿಂತು ನೀರು ನೋಡಿದರು. ಚಿಪ್ಪಿಸುಣ್ಣ ಅದು. ಇಷ್ಟು ವರ್ಷ ದಿನಕ್ಕೆ ಎಂಟು ಸಲ ಈ ಹೊಳೆಯ ತಳವನ್ನು ಬಾಯಿಗೆ ಹಾಕಿಕೊಂಡವರು.

ಮಾಣಿಕಟ್ಟಾದ ಗಜನಿ ಗದ್ದೆ ಕಾಣುವವರೆಗೆ ಎಲ್ಲ ಸುಸೂತ್ರವಾಗಿತ್ತು. ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತದ ಹೆಸರು ಕೇಳಿದ್ದರು, ಕಂಡಿರಲಿಲ್ಲ. "ಹತ್ತೇ ನಿಮಿಷ" ಎಂದು ಒಡ್ಡಿನ ಮೇಲೆ ಇಳಿದರು. ಅಲ್ಲೊಬ್ಬರು ರೈತರು ಸಿಕ್ಕರು. ಇಬ್ಬರು ಕೃಷಿಕರು ಒಡ್ಡಿನ ಮೇಲೆ ಸಿಕ್ಕರೆ ಹತ್ತು ನಿಮಿಷ ಅಂದರೆ ಎಷ್ಟು ಅನ್ನುವುದನ್ನು ನಾನು ಬೇರೆ ಹೇಳಬೇಕಿಲ್ಲ.

ಆದರೆ ಕಗ್ಗದ ಕತೆ ಕೇಳುವಂಥದ್ದೇ. ಮೊದಲ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಕೊಳೆಯದೆ ಎದ್ದು ನಿಲ್ಲುವ ಪೈರು, ಆಳೆತ್ತರ ಬೆಳೆಯುತ್ತದೆ. ಕೊಯ್ಲಿಗೆ ನೀರಿನಲ್ಲಿ ನಿಂತು ತೆನೆ ಮಾತ್ರ ಕತ್ತರಿಸಿಕೊಳ್ಳುತ್ತಾರೆ, ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ ಎತ್ತುತ್ತಾರೆ. ಒಡ್ಡಿಗೆ ಕೂರಿಸಿದ ಮರದ ಬಾಗಿಲು ಅದು. ಉಬ್ಬರದ ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ, ಕೊಳೆತ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತವೆ. ಅದೇ ಗದ್ದೆ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಪದಾರ್ಥ. ಈಗ ಭತ್ತ ಬಿತ್ತುವವರು ಕಡಿಮೆ, ಸಿಗಡಿಗೇ ದುಡ್ಡು ಅಂದರು ರೈತರು. ನಮ್ಮ ಕಡೆ ಭತ್ತದ ಗದ್ದೆಯೆಲ್ಲ ಅಡಿಕೆ ತೋಟವಾದ ಕತೆಯನ್ನು ಇವರು ಅವರಿಗೆ ಹೇಳಿದರು. ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ಅಂಬಿಗರು ದೋಣಿಯಿಂದ ಮೂರು ಸಲ ಕೂಗಿದ್ದರು: "ನೀರು ಇಳೂಕೆ ಹತ್ತದೆ ಹೆಗಡೇರೆ!"

ಮಾಸೂರಿನ ಕಡೆ ಹೊರಳುವ ಮೊದಲೇ ಕರ್ರ್ ಎಂದು ಸದ್ದಾಯಿತು. ದೋಣಿ ಮರಳಿನ ದಿಬ್ಬದ ಮೇಲೆ ಕೂತಿತು. ಅಂಬಿಗರು ಇಳಿದು ದೂಡಿದರು, ಗಣೆ ಊರಿದರು, ಆಮೇಲೆ ಬೀಡಿ ಹಚ್ಚಿದರು. ಬೀಡಿ ಹಚ್ಚಿದಾಗ ನನಗೆ ಅರ್ಥವಾಯಿತು. "ಇನ್ನು ಭರತಿ ಬರೂವರಿಗೆ ಇದು ಅಲ್ಲಾಡೂದಿಲ್ಲ ಅಕ್ಕೋರೆ. ಹುಣ್ಣಿಮೆ ಇಳಿತ. ರಾತ್ರಿ ಎಂಟಾಗ್ತದೆ." ಆಗ ನಾಲ್ಕು ಗಂಟೆ.

ಹುಣ್ಣಿಮೆಗೂ ಅಮಾವಾಸ್ಯೆಗೂ ಉಬ್ಬರ ದೊಡ್ಡದು, ಇಳಿತವೂ ಅಷ್ಟೇ ದೊಡ್ಡದು; ಐದನೇ ತರಗತಿಯ ಪಾಠ. ಪಾಠ ಮಾಡಿದವಳೇ ಹುಣ್ಣಿಮೆ ದಿನ ನೋಡಿ ಹೊರಟಿದ್ದೆ, ಬೆಳದಿಂಗಳು ಚೆನ್ನಾಗಿರುತ್ತದೆಂದು. ನಮ್ಮನೆಯವರು ನನ್ನ ಮುಖ ನೋಡಲಿಲ್ಲ. ನಾನೂ ಅವರದನ್ನು ನೋಡಲಿಲ್ಲ. ಎಂಟೇ ನಿಮಿಷ ಮಾತು ಬಿಟ್ಟಿದ್ದೆವು ಅಂತ ಇವರು ಹೇಳುತ್ತಾರೆ, ಅರ್ಧ ಗಂಟೆಯಾದರೂ ಆಗಿತ್ತು.

ನೀರು ಹಿಂದೆ ಸರಿಯುತ್ತ ಸರಿಯುತ್ತ ನಮ್ಮ ಸುತ್ತ ನೆಲ ಹುಟ್ಟಿತು. ಹೊಳೆಯ ನಡುವೆ ಒಂದು ಹೊಸ ಬಯಲು. ಏಡಿಗಳು ಬಿಲದಿಂದ ಹೊರಬಂದವು, ಬೆಳ್ಳಕ್ಕಿಗಳು ಇಳಿದವು, ಅವುಗಳ ಹಿಂದೆಯೇ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡ ಹೆಂಗಸರೂ ಬಂದರು, ಹತ್ತು ಹನ್ನೆರಡು ಜನ. ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ತೆಗೆಯುವವರು. ಕಾಲಿನಿಂದ ಕೆಸರು ತಡವಿ, ಸಿಕ್ಕಲ್ಲಿ ಬಗ್ಗಿ ಎತ್ತುತ್ತಾರೆ; ಕಣ್ಣಿಗಿಂತ ಹೆಬ್ಬೆರಳಿಗೆ ಹೆಚ್ಚು ಕಾಣುತ್ತದೆ. ಮಾತು ನಿಲ್ಲುವುದೇ ಇಲ್ಲ, ಕೈಯೂ ನಿಲ್ಲುವುದಿಲ್ಲ.

ನನಗೆ ಆಗ ಬೇರೆಯದೇ ಅವಸರ. ಬೆಳಿಗ್ಗೆಯಿಂದ ಪಾನಕ ಕುಡಿದಿದ್ದೆ. ಪ್ರವಾಸದ ಲೇಖನದಲ್ಲಿ ಗಂಡಸರು ಇದನ್ನು ಬರೆಯುವುದಿಲ್ಲ, ಅವರಿಗೆ ಅದು ಸಮಸ್ಯೆಯೇ ಅಲ್ಲ. ಹತ್ತಿರ ಬಂದ ಒಬ್ಬಳಿಗೆ ಕಣ್ಣಿನಲ್ಲೇ ಹೇಳಿದೆ, ಅವಳಿಗೆ ತಿಳಿಯಿತು. "ಬನ್ನಿ, ಒಡ್ಡಿನ ಆಚೆಗೇ ನಮ್ಮನೆ." ಸೀರೆ ಎತ್ತಿ ಕಟ್ಟಿ ಇಳಿದೆ. ನಾಲ್ಕನೇ ಹೆಜ್ಜೆಗೆ ಮೊಣಕಾಲಿನವರೆಗೆ ಕೆಸರು. ಬಲಗಾಲು ಬಂತು, ಚಪ್ಪಲಿ ಬರಲಿಲ್ಲ. ಅವಳು ಭುಜದವರೆಗೆ ಕೈ ಹಾಕಿ ಹುಡುಕಿದಳು, ಎರಡು ಬಳಚು ಸಿಕ್ಕವು, ಚಪ್ಪಲಿ ಸಿಗಲಿಲ್ಲ. ನಕ್ಕು ನಕ್ಕು ಇಬ್ಬರಿಗೂ ನಿಲ್ಲಲಾಗದೆ ಅಲ್ಲೇ ಬೀಳುವ ಹಾಗಾಯಿತು.

ಅವಳ ಮನೆಯಲ್ಲಿ ಕಾಲು ತೊಳೆಯಲು ಬಾವಿಯ ನೀರು ಕೊಟ್ಟಳು. ಕರಿಚಹಾ ಕೊಟ್ಟಳು. ಒಂದು ಪಾತ್ರೆ ಬಳಚು ಕೊಡಲು ಬಂದವಳು ಥಟ್ಟನೆ ನೆನಪಾಗಿ ನಿಂತು, "ಓ, ನೀವು ತಿನ್ನೂದಿಲ್ಲ" ಅಂದು ಎರಡು ಎಳನೀರು ಕೊಚ್ಚಿಸಿದಳು. ನಾನು ಚೀಲದಲ್ಲಿದ್ದ ತೊಡೆದೇವು ಕೊಟ್ಟೆ. ಅವಳ ಮಗಳು ಅದನ್ನು ಬೆಳಕಿಗೆ ಹಿಡಿದು ಆಚೆಯ ತೆಂಗಿನಮರ ಕಾಣುತ್ತದಾ ನೋಡಿದಳು.

ಹಿಂದೆ ಬಂದಾಗ ದೋಣಿಯಲ್ಲಿ ಗಂಡಸರ ಸಭೆ ನಡೆದಿತ್ತು. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆಂಬ, ಮಾನ್ಯತೆ ಸಿಕ್ಕಿದ್ದನ್ನು ನಮ್ಮನೆಯವರು ಹೇಳಿದರೆ, ಅಂಬಿಗರು "ಬೋರ್ಡು ಹಾಕಿದ್ರೆ ಬಳಚು ಬೆಳೀತದ್ಯ?" ಎಂದು ಕೇಳಿದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಬಳಚಿಗೆ ಬರೀ ಉಪ್ಪೂ ಆಗದು, ಬರೀ ಸಿಹಿಯೂ ಆಗದು. ಮೇಲಿನ ನೀರು ಬರಬೇಕು, ಕೆಳಗಿನ ನೀರು ಏರಬೇಕು, ಎರಡೂ ಸಂಧಿಸುವಲ್ಲಿ ಅದರ ಸಂಸಾರ. ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಇದರ ವಿರುದ್ಧದ ಸಭೆಗಳಿಗೆ ಶಿರಸಿಗೆ ಹೋಗಿ ಬರುವವರು ನಮ್ಮನೆಯವರು. ಕಾಡು, ತೋಟ, ಗುಡ್ಡ ಕುಸಿತ ಎಂದೆಲ್ಲ ಮನೆಗೆ ಬಂದು ವರದಿ ಒಪ್ಪಿಸುತ್ತಾರೆ. ಬಳಚಿನ ಮಾತು ಆ ವರದಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು, ಇದನ್ನು ಮುಂದಿನ ಸಭೆಯಲ್ಲಿ ಹೇಳುತ್ತಾರೆ ಎಂದು ನನಗೆ ಆ ಕುತ್ತಿಗೆ ನೋಡಿಯೇ ಗೊತ್ತಾಯಿತು.

ಆರು ಗಂಟೆಗೆ ಘಟ್ಟದ ಮೇಲಿನಿಂದ ಚಂದ್ರ ಬಂದ. ನಮ್ಮ ಮನೆ ಇರುವ ದಿಕ್ಕಿನಿಂದಲೇ. ಮೊದಲು ಕೆಂಪಗೆ, ಆಮೇಲೆ ತೆಂಗಿನ ಗರಿಯ ಮೇಲೆ ಬಂದು ಬಿಳಿ. ಒದ್ದೆ ಮರಳೆಲ್ಲ ಹೊಳೆಯಿತು. ನಾನು ಮಾಡಬಾರದ ಕೆಲಸ ಮಾಡಿದೆ, ಪಾಠ ಶುರುಮಾಡಿದೆ. ರವೀಂದ್ರನಾಥ ಟಾಗೋರರು ಇಪ್ಪತ್ತೆರಡರ ಹುಡುಗನಾಗಿ ಕಾರವಾರಕ್ಕೆ ಬಂದಿದ್ದರು, ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು, ಹೀಗೇ ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿದ್ದರು ಎಂದು. "ಅವರ ದೋಣಿಯೂ ಕೂತಿತ್ತನ?" ಅಂತ ಕೇಳಿದರು ನಮ್ಮನೆಯವರು. ಪಾಠ ಅಲ್ಲಿಗೆ ಮುಗಿಯಿತು.

ಚಳಿ ಶುರುವಾಗಿತ್ತು. ಅವರು ಲೈಫ್ ಜಾಕೆಟ್ ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಬೆಳಿಗ್ಗೆಯಿಂದ ಪ್ರಾಣದ ಹಾಗೆ ಕಟ್ಟಿಕೊಂಡಿದ್ದು. ನೀರೇ ಇಲ್ಲದ ಮೇಲೆ ಅದು ಎಂತಕ್ಕೆ ಅಂದರು. ಒಂದು ಕಾಲಿಗೆ ಚಪ್ಪಲಿ, ಮೈಗೆ ಕಿತ್ತಳೆ ಬಣ್ಣದ ಜಾಕೆಟ್, ಕೂದಲಿಗೆ ಕೆಸರು. 35 ವರ್ಷದ ಮದುವಣಗಿತ್ತಿ. ಬಹಳ ಹೊತ್ತು ಮಾತಿರಲಿಲ್ಲ. ಮಾತಿಲ್ಲದ್ದಕ್ಕೆ ಈ ಸಲ ಸಿಟ್ಟು ಕಾರಣವಾಗಿರಲಿಲ್ಲ.

ನೀರು ಬಂದಿದ್ದು ಸದ್ದಿಲ್ಲದೆ. ದಿಬ್ಬದ ಗೆರೆಗಳಲ್ಲಿ ಮೊದಲು ಬೆರಳಗಲ ಹೊಳಪು, ಆಮೇಲೆ ಗೆರೆಗೆ ಗೆರೆ ಕೂಡಿತು. ಎಂಟಕ್ಕೆ ಹತ್ತು ನಿಮಿಷ ಇರುವಾಗ ದೋಣಿ ಒಮ್ಮೆ ಮೈ ಮುರಿಯಿತು. ಅಂಬಿಗರು ಗಣೆ ಊರಿದರು. ತದಡಿಯ ದಕ್ಕೆಯಲ್ಲಿ ನಿಂತ ಮೀನು ಬೋಟುಗಳ ದೀಪ, ಆಚೆ ದಡದಲ್ಲಿ ಅಘನಾಶಿನಿ ಊರಿನ ದೀಪ, ನಡುವೆ ಕಪ್ಪು ಬಾಯಿ ತೆರೆದ ಸಮುದ್ರದ ಉಸಿರು. ಗೋಕರ್ಣದ ನೆಂಟರ ಮನೆ ಮುಟ್ಟಿದಾಗ ಒಂಬತ್ತೂವರೆ.

ಮರುದಿನ ಸಾಣಿಕಟ್ಟಾದಲ್ಲಿ ಹತ್ತು ಕಿಲೋ ಉಪ್ಪು ತೆಗೆದುಕೊಂಡೆವು. ಉಪ್ಪಿನ ಗದ್ದೆಗಳಲ್ಲಿ ಆಗಿನ್ನೂ ಬೇಸಿಗೆಯ ತಯಾರಿ, ಕೊಟ್ಟಿದ್ದು ಹಳೆಯ ದಾಸ್ತಾನು. ಒಂದು ಜೊತೆ ಹವಾಯಿ ಚಪ್ಪಲಿಯನ್ನೂ ಕೊಂಡೆ.

ಮಗನಿಗೆ ವಿಡಿಯೋ ಬೇಕಿತ್ತಂತೆ. ನಮ್ಮನೆಯವರು ಬೆಳದಿಂಗಳಲ್ಲಿ ತಮ್ಮ ಫೋನಿನಲ್ಲಿ ತೆಗೆದದ್ದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ನಲವತ್ತು ಸೆಕೆಂಡ್, ಪೂರ್ತಿ ಕತ್ತಲು, ಎಲ್ಲೋ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ. ಎಂಜಿನ್ನಿನ ಗಡಗಡ. ನಡುವೆ ನನ್ನ ದನಿ, "ಈಗ ಹೆಂಗಿದ್ದು?" ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಥೂ ಎಂದು ಉಗಿದ ಸದ್ದು, ಇವರ ದನಿ: "ಉಪ್ಪಿನಕಾಯಿ ಹಾಕ್ಲಕ್ಕು."